ಸೆಕೆಂಡ್ ಹ್ಯಾಂಡ್ ಕಿಂಗ್ ಏರ್ ವಿಮಾನ ತಗೋಬೇಕಾ? ಮೊದಲು ಹಲ್ಲು ನೋಡಿ

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೇಲಿ ನಮ್ಮ ತಾತ ಎತ್ತಿನ ಬೆನ್ನು ಸವರ್ತಾನೇ ಇರ್ಲಿಲ್ಲ, ಸೀದಾ ಬಾಯಿ ಅಗಲಿಸಿ ಹಲ್ಲು ನೋಡೋದು, ಆಮೇಲೆ ನಾಕು ಹೆಜ್ಜೆ ನಡೆಸಿ ನೋಡೋದು, ಅದಾದ್ಮೇಲೇನೇ ಟವೆಲ್ ಕೆಳಗೆ ಬೆರಳು ಹಿಡಿದು ರೇಟು. ಮೈ ಹೊಳೆಯೋಕೆ ಎಣ್ಣೆ ಸಾಕು ಕಣೋ ಅನ್ನೋನು. ವಿಮಾನ ರಿಪೇರಿ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಹಳೇ ವಿಮಾನ ನೋಡೋಕೆ ಹೋದಾಗೆಲ್ಲ ನಂಗೆ ಅದೇ ಮಾತು ನೆನಪಾಗುತ್ತೆ, ಯಾಕಂದ್ರೆ ಇಲ್ಲಿ ಎಣ್ಣೆ ಬದಲು ಹೊಸ ಪೇಂಟು ಹೊಡೆದಿರ್ತಾರೆ ಅಷ್ಟೇ.

ಯಾವ ವಿಮಾನ ಅಂತ ಮೊದಲು ಫಿಕ್ಸ್ ಮಾಡ್ಕೊಳಿ. ಟರ್ಬೋಪ್ರಾಪ್ ಅಂದ್ರೆ ಜೆಟ್ ಥರದ ಟರ್ಬೈನ್ ಇಂಜಿನ್ ಪ್ರೊಪೆಲ್ಲರ್ ತಿರುಗಿಸೋ ವಿಮಾನ. ಎರಡು ಇಂಜಿನ್ ಟರ್ಬೋಪ್ರಾಪ್‌ನಲ್ಲಿ ಕಾನ್‌ಕ್ವೆಸ್ಟ್, ಷೈಯೆನ್, ಎಂಯು-2, ಹಿಂದಕ್ಕೆ ಪ್ರೊಪೆಲ್ಲರ್ ಇರೋ ಇಟಲಿಯ ಅವಾಂತಿ ಎಲ್ಲ ಇವೆ, ಆದ್ರೆ ಸ್ಪೇರು, ಮೆಕ್ಯಾನಿಕ್ಕು, ಪೈಲಟ್ಟು ಸುಲಭಕ್ಕೆ ಸಿಗಬೇಕು ಅಂದ್ರೆ ನನ್ನ ವೋಟು ಬೀಚ್‌ಕ್ರಾಫ್ಟ್ ಕಿಂಗ್ ಏರ್‌ಗೆ. ಅದರಲ್ಲೂ ಬಿ200: 850 ಹಾರ್ಸ್ ಪವರ್‌ನ ಎರಡು ಪಿಟಿ6 ಇಂಜಿನ್, ಏಳೆಂಟು ಜನ ಆರಾಮಾಗಿ ಕೂರಬಹುದು, ಗಂಟೆಗೆ ಸುಮಾರು 500 ಕಿಲೋಮೀಟರ್ ಸ್ಪೀಡು. ಜೆಟ್ ಯಾಕಲ್ಲ ಅಂತೀರಾ? ಬೆಂಗಳೂರಿಂದ ತೋರಣಗಲ್ಲಿಗೋ ಮೈಸೂರಿಗೋ ಹೋಗೋ ದೂರಕ್ಕೆ ಜೆಟ್ ಮೇಲೇರಿ ಸ್ಪೀಡು ಹಿಡಿಯೋ ಅಷ್ಟ್ರಲ್ಲಿ ಇಳಿಯೋ ಟೈಮು ಬಂದಿರುತ್ತೆ, ಇಂಧನ ಮಾತ್ರ ಕುಡಿದಿರುತ್ತೆ. ಮೈಸೂರಿನ ರನ್‌ವೇ 1,740 ಮೀಟರ್, ಬಿ200 ಗೆ ಅದು ಧಾರಾಳ.

ಎರಡನೇದು, ಅಡ್ವಾನ್ಸ್ ಕೊಡೋಕೂ ಮುಂಚೆ ಇಲ್ಲಿನ ರೂಲ್ಸು. ಹೊರಗಿಂದ ತರೋ ಹಳೇ ವಿಮಾನಕ್ಕೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ವಯಸ್ಸಿನ ಮಿತಿ ಹಾಕಿದೆ, ಆಗಾಗ ಬದಲಾಯಿಸ್ತಾನೂ ಇರುತ್ತೆ. ಬಿ200 1981 ರಿಂದ ತಯಾರಾಗಿದ್ದು, ಅಮೆರಿಕದಲ್ಲಿ ಅಗ್ಗಕ್ಕೆ ಸಿಗೋ ಆಗಿನ ಕಾಲದವು ನಮ್ಮಲ್ಲಿ ವಿಟಿ ನಂಬರ್ (ಭಾರತದ ನೋಂದಣಿ) ಹಾಕ್ಕೊಳೋಕೆ ಆಗಲ್ಲ, ಮ್ಯೂಸಿಯಂಗೆ ಬೇಕಾದ್ರೆ ತರಬಹುದು. ಟ್ಯಾಕ್ಸ್ ಇನ್ನೊಂದು ಹೊಡೆತ: 2025 ಸೆಪ್ಟೆಂಬರ್ 22 ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ 40 ಪರ್ಸೆಂಟ್. ಬಾಡಿಗೆಗೆ ಓಡಿಸೋ ಪರ್ಮಿಟ್ ಅಡಿ ತಂದ್ರೆ ಲೆಕ್ಕ ಬೇರೆ, ಆಡಿಟರ್ ಹತ್ರ ಮೊದಲೇ ಕೂತು ಮಾತಾಡಿ.

ಲಾಗ್‌ಬುಕ್ಕೇ ಜಾತಕ

ವಿಮಾನ ನೋಡೋಕೆ ಟಿಕೆಟ್ ಬುಕ್ ಮಾಡೋಕಿಂತ ಮುಂಚೆ ಹಾರಾಟ, ರಿಪೇರಿ ಬರೆದಿಡೋ ಲಾಗ್‌ಬುಕ್ ಎಲ್ಲಾ ಸ್ಕ್ಯಾನ್ ಮಾಡಿ ಕಳಿಸಿ ಅನ್ನಿ. ಒಂದು ಪುಸ್ತಕ ಕಳೆದೋಗಿದೆ ಅಂದ್ರೆ ಅಲ್ಲಿಗೇ ನಮಸ್ಕಾರ. ಅಮೆರಿಕದ ವಿಮಾನ ಆದ್ರೆ ಒಕ್ಲಹೋಮ ಸಿಟಿಲಿರೋ ರಿಜಿಸ್ಟ್ರಿಯಿಂದ ಅದರ ಪೂರ್ತಿ ಫೈಲ್ ತರಿಸ್ಕೋಬಹುದು, ದೊಡ್ಡ ರಿಪೇರಿ ಆಗಿದ್ರೆ ಅದರಲ್ಲಿ ಸಿಗಬೇಕು, ಬ್ಯಾಂಕ್ ಸಾಲ ಬಾಕಿ ಇದ್ಯಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

ಈಗ ಅಸಲಿ ಲೆಕ್ಕ. ಮಾರೋನು ಹೇಳೋ ರೇಟು ರೇಟೇ ಅಲ್ಲ, ಮುಂದಿನ ಎರಡು ಮೂರು ವರ್ಷದಲ್ಲಿ ಬರೋ ಖರ್ಚು ಸೇರಿಸಿದ್ರೆ ಬರೋದು ರೇಟು. ಬಿ200 ಇಂಜಿನ್‌ಗೆ 3,600 ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿ ಮಾಡೋದು), ಮಧ್ಯದಲ್ಲಿ 1,800 ಕ್ಕೆ ಹಾಟ್ ಸೆಕ್ಷನ್, ಅಂದ್ರೆ ಇಂಧನ ಉರಿಯೋ ಬಿಸಿ ಭಾಗದ ತಪಾಸಣೆ. ಇಂಜಿನ್ 3,300 ಗಂಟೆ ಓಡಿದೆ ಅಂದ್ಕೊಳಿ, ತಿಂಗಳಿಗೆ 25 ಗಂಟೆ ಹಾರಿಸಿದ್ರೆ ಸರಿಯಾಗಿ ಒಂದು ವರ್ಷಕ್ಕೆ ಕೋಟಿಗಳ ಬಿಲ್ಲು ಬಾಗಿಲಿಗೆ, ಅದೂ ಎರಡು ಇಂಜಿನ್‌ಗೂ. ಇನ್ನು ಕ್ಯಾಲೆಂಡರ್ ಐಟಂಗಳು: ಪ್ರೊಪೆಲ್ಲರ್ ಓವರ್‌ಹಾಲ್ ಆರು ವರ್ಷಕ್ಕೆ, ಲ್ಯಾಂಡಿಂಗ್ ಗೇರ್ ಆರು ವರ್ಷಕ್ಕೆ, ರೆಕ್ಕೆ ಹಿಡಿದಿರೋ ಬೋಲ್ಟು ಐದು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು, ಹದಿನೈದಕ್ಕೆ ಹೊಸದೇ ಹಾಕಬೇಕು. ಇವಕ್ಕೆ ವಿಮಾನ ಹಾರಿದ್ರೂ ಒಂದೇ, ಹ್ಯಾಂಗರ್‌ನಲ್ಲಿ ಮಲಗಿದ್ರೂ ಒಂದೇ. ಅದಕ್ಕೇ "ಸಾರ್, ತುಂಬಾ ಕಮ್ಮಿ ಓಡಿರೋ ಗಾಡಿ" ಅಂದ್ರೆ ನಂಗೆ ಖುಷಿ ಆಗಲ್ಲ, ಅನುಮಾನ ಬರುತ್ತೆ.

ಬಿಚ್ಚಿ ನೋಡೋದು

ರೇಟು ಒಂದು ಹಂತಕ್ಕೆ ಬಂದ್ಮೇಲೆ ಅಡ್ವಾನ್ಸನ್ನ ಮಾರೋನ ಕೈಗೆ ಕೊಡಬೇಡಿ, ಎಸ್ಕ್ರೋ ಅಕೌಂಟಿಗೆ (ವ್ಯವಹಾರ ಮುಗಿಯೋವರೆಗೂ ಮೂರನೆಯವರು ದುಡ್ಡು ಇಟ್ಕೊಳೋ ಖಾತೆ) ಹಾಕಿ, ಇನ್‌ಸ್ಪೆಕ್ಷನ್‌ನಲ್ಲಿ ಫೇಲ್ ಆದ್ರೆ ವಾಪಸ್ ಅಂತ ಬರೆಸ್ಕೊಳಿ. ಆಮೇಲೆ ಪ್ರಿ-ಬೈ ಇನ್‌ಸ್ಪೆಕ್ಷನ್, ಅಂದ್ರೆ ಕೊಳ್ಳೋಕೂ ಮುಂಚಿನ ತಪಾಸಣೆ. ಅಷ್ಟು ದಿನ ಆ ವಿಮಾನ ನೋಡ್ಕೊಂಡಿದ್ದ ಶಾಪ್‌ನಲ್ಲೇ ಮಾಡಿಸಬೇಡಿ, ಅವ್ರು ತಮ್ಮ ಕೆಲಸದಲ್ಲೇ ತಪ್ಪು ಯಾಕೆ ಹುಡುಕ್ತಾರೆ?

ಪಿಟಿ6 ಒಂಥರಾ ಉಲ್ಟಾ ಇಂಜಿನ್, ಗಾಳಿ ಹಿಂದಿಂದ ಒಳಗೆ ಹೋಗಿ ಮುಂದಕ್ಕೆ ಹರಿದು ಹೊಗೆ ಪ್ರೊಪೆಲ್ಲರ್ ಪಕ್ಕದ ಎರಡು ಕೊಳವೆಯಿಂದ ಹೊರಗೆ ಬರುತ್ತೆ. ಫ್ಯೂಯಲ್ ನಾಝಲ್ ಬಿಚ್ಚಿ ಆ ತೂತಿನಿಂದ ಬೋರೊಸ್ಕೋಪ್ (ತುದೀಲಿ ಕ್ಯಾಮೆರಾ ಇರೋ ಸಣ್ಣ ಕೊಳವೆ) ಬಿಟ್ರೆ ಟರ್ಬೈನ್ ಬ್ಲೇಡು ಪರದೆ ಮೇಲೆ ಬರುತ್ತೆ, ಒಬ್ಬರು ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಒಂದೊಂದಾಗಿ ಎಣಿಸಬಹುದು. ಅಂಚು ಸವೆದಿದ್ಯಾ, ತುದಿ ಉಜ್ಜಿದ್ಯಾ, ಮೇಲಿನ ಲೇಪ ಗುಳ್ಳೆ ಎದ್ದು ಕಿತ್ತು ಬಂದಿದ್ಯಾ ನೋಡಿ. ಸ್ಟಾರ್ಟ್ ಮಾಡುವಾಗ ಟೆಂಪರೇಚರ್ ಮಿತಿ ದಾಟಿಸಿ ಸುಮ್ಮನಾಗಿಬಿಟ್ಟ ಪೈಲಟ್‌ನ ಪಾಪ ಲಾಗ್‌ಬುಕ್‌ನಲ್ಲಿ ಇಲ್ದಿದ್ರೂ ಅಲ್ಲಿ ಇರಬಹುದು. ಎತ್ತಿನ ಹಲ್ಲು ಅಂದ್ರೆ ಇದೇ ನೋಡಿ.

ಇನ್ನೊಂದು ಜಾಗ ಯಾರೂ ನೋಡಲ್ಲ: ಟಾಯ್ಲೆಟ್ ಕೆಳಗಿನ ನೆಲ. ಒಂದ್ಸಲ ಕಡಲ ಪಕ್ಕದ ಊರಲ್ಲಿ ನಿಂತಿದ್ದ ವಿಮಾನ ನೋಡೋಕೆ ಹೋಗಿದ್ವಿ, ಹೊಸ ಪೇಂಟು, ಹೊಸ ಲೆದರ್ ಸೀಟು, ಕೊಳ್ಳೋ ಪಾರ್ಟಿ ಆಗ್ಲೇ ಮದುವೆ ಮನೆ ಖುಷೀಲಿದ್ರು. ಟಾಯ್ಲೆಟ್ ಸೀಟು ತೆಗೆಸಿ ಕಾರ್ಪೆಟ್ ಎತ್ತಿಸಿದೆ. ಕೆಳಗೆ ಅಲ್ಯೂಮಿನಿಯಂ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿಳಿ ಪುಡಿ, ಅಂದ್ರೆ ಅಲ್ಯೂಮಿನಿಯಂನ ತುಕ್ಕು, ಸ್ಕ್ರೂಡ್ರೈವರ್ ಹಿಡಿ ಒತ್ತಿದ್ರೆ ಹಪ್ಪಳದ ಥರ ಪದರ ಏಳ್ತು. ಮಾರೋನು "ಅದು ಸೋಪಿನ ಪುಡಿ ಸಾರ್" ಅಂದ. ವಾಪಸ್ ಬರೋ ದಾರೀಲಿ ಪಾರ್ಟಿ ಒಂದು ಗಂಟೆ ನನ್ನ ಹತ್ರ ಮಾತೇ ಆಡ್ಲಿಲ್ಲ.

ಇನ್‌ಸ್ಪೆಕ್ಷನ್ ಲಿಸ್ಟ್ ಕೈಗೆ ಬಂದ್ಮೇಲೆ ಮತ್ತೆ ಟವೆಲ್ ಕೆಳಗಿನ ವ್ಯವಹಾರ. ಹಾರಾಟಕ್ಕೆ ಅಡ್ಡ ಬರೋ ದೋಷ ಎಲ್ಲ ಮಾರೋನ ಖರ್ಚು, ಚಿಲ್ರೆ ಪಲ್ರೆ ನಿಮ್ದು, ಸಾಮಾನ್ಯವಾಗಿ ಹೀಗೇ ನಡೆಯೋದು. ಸಹಿ ಹಾಕಿದ ಮೇಲೆ ಅಲ್ಲಿನ ನೋಂದಣಿ ರದ್ದಾಗಬೇಕು, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬೇಕು, ಆಮೇಲೆ ಫೆರಿ, ಅಂದ್ರೆ ಇಲ್ಲಿಗೆ ಹಾರಿಸ್ಕೊಂಡು ತರೋದು: ಅಮೆರಿಕದಿಂದ ಇಂಥ ವಿಮಾನಗಳು ಕೆನಡಾದ ಗೂಸ್ ಬೇ, ಐಸ್‌ಲ್ಯಾಂಡ್, ಸ್ಕಾಟ್ಲೆಂಡಿನ ವಿಕ್ ಅಂತ ನಿಂತೂ ನಿಂತೂ ಬರ್ತವೆ, ಈ ಕೆಲಸಕ್ಕೇ ಅಂತ ಪೈಲಟ್‌ಗಳು ಇದ್ದಾರೆ. ಇನ್ಶೂರೆನ್ಸ್ ಆ ಹಾರಾಟಕ್ಕೂ ಅನ್ವಯ ಆಗುತ್ತಾ ಕೇಳ್ಕೊಳಿ.

ಕೈಗೆ ತಗೊಳೋ ದಿನ ಡೇಟಾ ಪ್ಲೇಟಿನ ಸೀರಿಯಲ್ ನಂಬರ್ ಪೇಪರ್ ಜೊತೆ ತಾಳೆ ನೋಡಿ, ಕೀ, ಟೋ ಬಾರ್ (ನೆಲದ ಮೇಲೆ ವಿಮಾನ ಎಳೆಯೋ ಸರಳು), ಇಂಜಿನ್ ಕವರ್ ಎಣಿಸ್ಕೊಳಿ. ಪ್ರೊಪೆಲ್ಲರ್ ಕಟ್ಟೋ ಪಟ್ಟಿ ಮಾತ್ರ ಮರೀಬೇಡಿ, ಪಿಟಿ6 ಪ್ರೊಪೆಲ್ಲರ್ ನಿಂತಲ್ಲೇ ಗಾಳಿಗೆ ತಿರುಗುತ್ತೆ, ಇಂಜಿನ್ ಓಡ್ತಿಲ್ಲ ಅಂದ್ಮೇಲೆ ಗೇರ್‌ಬಾಕ್ಸ್‌ಗೆ ಎಣ್ಣೆ ಪಂಪ್ ಆಗಲ್ಲ, ರಾತ್ರಿ ಎಲ್ಲ ಒಣಕಲಾಗಿ ತಿರುಗ್ತಾ ಇರುತ್ತೆ. ಪಟ್ಟಿ ಸಿಗ್ಲಿಲ್ಲ ಅಂದ್ರೆ ಆ ರಾತ್ರಿ ವಿಮಾನ ಹ್ಯಾಂಗರ್ ಒಳಗೇ ಇರ್ಲಿ.