ಹಗ್ಗ ಕಟ್ಟೋತನಕ ಕೂತಿರಿ: ಹೊಳೆಯ ಘಾಟಿಗೆ ದೋಣಿಯಲ್ಲಿ ಹೋಗುವುದು ಹೇಗೆ?

ಸಂಕ್ರಮಣದ ಸ್ನಾನಕ್ಕೆ ಕೂಡಲಸಂಗಮಕ್ಕೆ ಬಂದವರು ದೋಣಿ ಹತ್ತುವಾಗ ಸಂಗಮನಾಥನನ್ನು ನೆನೆಯುತ್ತಾರೆ, ನಡುಹೊಳೆಯಲ್ಲಿ ಉಸಿರು ಬಿಗಿಹಿಡಿಯುತ್ತಾರೆ. ದಂಡೆ ಹತ್ತಿರ ಬಂತೋ, ಎಲ್ಲ ಮರೆತು ಒಮ್ಮೆಲೇ ಎದ್ದು ನಿಲ್ಲುತ್ತಾರೆ. ನಾನು ಕಂಡ ಎಡವಟ್ಟುಗಳಲ್ಲಿ ಹೆಚ್ಚಿನವು ಆಗಿದ್ದು ಆ ಕೊನೆಯ ನಾಲ್ಕು ಅಡಿಯಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ನಾಲ್ಕು ಅಡಿಗೇ ಮೀಸಲು.

ಮೊದಲು ನೀರು ನೋಡಿ. ಸಂಗಮ ಇರುವುದು ಕೃಷ್ಣಾ ಹೊಳೆಯ ಎರಡು ಆಣೆಕಟ್ಟುಗಳ ನಡುವೆ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರದ ಬಸವಸಾಗರ. ಆಲಮಟ್ಟಿಯ 26 ಗೇಟುಗಳಲ್ಲಿ ಕೆಲವನ್ನು ಎತ್ತಿದರೂ ಇಲ್ಲಿ ಸೆಳವು ಬದಲಾಗುತ್ತದೆ. ನಮ್ಮಲ್ಲಿ ಹನಿ ಮಳೆ ಇರದಿದ್ದರೂ ಮೇಲೆ ಮಹಾರಾಷ್ಟ್ರದ ಕೊಯ್ನಾ ಕಡೆ ಸುರಿದರೆ ಸಾಕು. 2019ರ ಆಗಸ್ಟ್‌ನ ನೆರೆಯನ್ನು ಹೊಳೆದಂಡೆಯವರು ಮರೆತಿಲ್ಲ. ಜೂನ್ ಕೊನೆಯಿಂದ ದಸರೆಯ ತನಕ ಮೋಜಿಗಾಗಿ ದೋಣಿ ಹತ್ತಲೇಬೇಡಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ. ಉಳಿದ ದಿನಗಳಲ್ಲಿ ನೀರಿನಂಚಿನ ಮೆಟ್ಟಿಲ ಮೇಲೊಂದು ಕಲ್ಲಿಟ್ಟು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಕಲ್ಲು ಮುಳುಗಿದ್ದರೆ ನೀರು ಏರುತ್ತಿದೆ ಎಂದರ್ಥ, ಅವತ್ತಿನ ದೋಣಿ ಬಿಡಿ.

ಲೈಫ್ ಜಾಕೆಟ್ ಹಾಕಿ, ಜಗ್ಗಿ ನೋಡಿ. ಹೆಗಲಿಗೇರಿಸಿ ಬಕಲ್ ಬಿಟ್ಟುಕೊಂಡು ಫೋಟೊ ತೆಗೆಸಿಕೊಂಡರೆ ಅದು ಬರೀ ಅಂಗಿ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಪಕ್ಕದವರಿಗೆ ಹೇಳಿ ಎರಡೂ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿಸಿ. ಜಾಕೆಟ್ ಕಿವಿಯ ಮಟ್ಟಕ್ಕೆ ಬಂತೆಂದರೆ ನೀರಿನಲ್ಲೂ ಹಾಗೇ ಮೇಲೆದ್ದು ಮುಖ ಮುಚ್ಚುತ್ತದೆ, ಬೇರೆಯದು ಕೇಳಿ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಜಾತ್ರೆ ಅಂಗಡಿಯ ಬಾತುಕೋಳಿ ಟ್ಯೂಬು, ತೋಳಿಗೆ ಹಾಕುವ ಗಾಳಿಚೀಲ ಹೊಳೆಗೆ ತರಬೇಡಿ. ಅವುಗಳಿಂದ ಮಗುವಿಗಿಂತ ತಂದೆ-ತಾಯಿಗೇ ಹೆಚ್ಚು ಧೈರ್ಯ ಬರುತ್ತದೆ, ಅಪಾಯವೂ ಅದೇ.

ಬಾಡಿಗೆಯನ್ನು ಹತ್ತುವ ಮೊದಲೇ ಕೊಟ್ಟುಬಿಡಿ. ಇಳಿಯುವ ಹೊತ್ತಿಗೆ ಚಿಲ್ಲರೆಗೆ ತಡಕಾಡುವವರಿಂದಲೇ ಅರ್ಧ ಗದ್ದಲ.

ಈಗ ಇಳಿಯುವ ಮಾತು. ಬಲ್ಲ ಅಂಬಿಗ ಘಾಟಿಗೆ ನೇರ ನುಗ್ಗುವುದಿಲ್ಲ. ಸ್ವಲ್ಪ ಕೆಳಗೆ ಹೋಗಿ, ತಿರುಗಿ, ಸೆಳವಿಗೆ ಎದುರಾಗಿ ನಿಧಾನ ಬರುತ್ತಾನೆ. ಎದುರು ನೀರೇ ಅವನಿಗೆ ಬ್ರೇಕು. ‘ಸುತ್ತು ಹಾಕಿ ಟೈಮ್ ಹಾಳು ಮಾಡ್ತಾನ’ ಎಂದು ಗೊಣಗುವವರನ್ನು ಕೇಳಿದ್ದೇನೆ. ಸೆಳವಿನ ಜೊತೆಗೇ ಬಂದ ದೋಣಿ ನಿಲ್ಲುವುದು ಕಲ್ಲಿಗೆ ಬಡಿದ ಮೇಲೆಯೇ. ಕಟ್ಟುವಾಗ ಮುಂದಿನ ಮೂತಿಯ ಹಗ್ಗ ಮೊದಲು. ಹಿಂದಿನದನ್ನು ಮೊದಲು ಕಟ್ಟಿದರೆ ನೀರು ಮೂತಿಯನ್ನು ಹೊರಕ್ಕೆ ತಳ್ಳಿ ದೋಣಿಯನ್ನು ಅಡ್ಡ ತಿರುಗಿಸುತ್ತದೆ.

ಇಷ್ಟು ಹೊತ್ತು ನಿಮ್ಮ ಕೆಲಸ ಒಂದೇ, ಕೂತಿರುವುದು. ಕೈಬೆರಳು ದೋಣಿಯ ಅಂಚಿನ ಹೊರಗೆ ಇರಬಾರದು. ಕಲ್ಲಿಗೆ ಕಾಲು ಕೊಟ್ಟು ದೋಣಿ ನಿಲ್ಲಿಸಲು ಹೋಗಬೇಡಿ, ಆ ತೂಕವನ್ನು ನಿಮ್ಮ ಕಾಲು ತಡೆಯುವುದಿಲ್ಲ. ನನಗೆ ಪರಿಚಯದ ಮುದುಕ ಅಂಬಿಗರೊಬ್ಬರು ದಂಡೆ ಕಂಡ ತಕ್ಷಣ ಕೂಗುತ್ತಾರೆ: “ಯವ್ವಾ, ಯಣ್ಣಾ, ಹಗ್ಗಾ ಕಟ್ಟೋತನಾ ಯಾರೂ ಏಳಬ್ಯಾಡ್ರಿ. ಘಾಟ್ ಎಲ್ಲಿ ಓಡಿ ಹೋಗೂದಿಲ್ಲ!”

ಹಗ್ಗ ಕಟ್ಟಿದ ಮೇಲೂ ಒಬ್ಬೊಬ್ಬರೇ. ಎಲ್ಲರೂ ದಂಡೆಯ ಕಡೆ ವಾಲಿದರೆ ದೋಣಿಯೂ ಅತ್ತಲೇ ವಾಲುತ್ತದೆ. ಎದ್ದವರು ಬಗ್ಗಿಕೊಂಡು ಬಂದು, ದಂಡೆಯಲ್ಲಿ ನಿಂತವರ ಕೈ ಹಿಡಿದು, ಒಣಗಿದ ಮೆಟ್ಟಿಲ ಮೇಲೆ ಕಾಲಿಡಬೇಕು. ನೀರಿಗೆ ತಾಗಿದ ಹಸಿರು ಮೆಟ್ಟಿಲಲ್ಲಿ ಹಾವಸೆ ಇರುತ್ತದೆ, ಅದು ಸಾಬೂನಿಗಿಂತ ಜಾರು. ಜಿಗಿಯಲೇಬೇಡಿ, ನೀವು ಮುಂದೆ ಜಿಗಿದಷ್ಟೂ ದೋಣಿ ಹಿಂದೆ ಸರಿಯುತ್ತದೆ. ಸೀರೆಯ ನಿರಿಗೆ ಮೇಲೆ ಸಿಕ್ಕಿಸಿಕೊಳ್ಳಿ. ಮಗುವನ್ನು ಟೊಂಕದ ಮೇಲೆ ಹೊತ್ತು ಇಳಿಯಬೇಡಿ: ಮೊದಲು ದೊಡ್ಡವರು ಇಳಿಯಲಿ, ಆಮೇಲೆ ಮಗು ಕೈಯಿಂದ ಕೈಗೆ ಬರಲಿ. ಸಾಮಾನು ಕೊನೆಗೆ. ಕೊಲ್ಹಾರದ ಮೊಸರಿನ ಗಡಿಗೆ ಹಿಡಿದ ಹಿರಿಯರೊಬ್ಬರು ಒಂದು ಕಾಲು ಮೆಟ್ಟಿಲಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟು ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದೋಣಿ ಸರಿಯಿತು, ಕಾಲೆರಡೂ ಅಗಲವಾದವು. ಗಡಿಗೆಗೆ ಒಂದು ಗೆರೆಯೂ ಬೀಳಲಿಲ್ಲ; ಮೊಣಕಾಲಿಗೆ ಮಾತ್ರ ಎರಡು ತಿಂಗಳು ಪಟ್ಟಿ.

ಘಾಟು ನಮ್ಮೊಬ್ಬರದಲ್ಲ. ಅಲ್ಲಿ ಮೀಯುವವರು, ಬಟ್ಟೆ ಒಗೆಯುವವರು ಇರುತ್ತಾರೆ. ದೂರದಲ್ಲೇ ಎಂಜಿನ್ ತಗ್ಗಿಸಲು ಹೇಳಿ. ನಿಮ್ಮ ಅಲೆ ಮೆಟ್ಟಿಲ ಮೇಲಿಟ್ಟ ಬಟ್ಟೆಯನ್ನೂ ಎಳೆದೊಯ್ಯುತ್ತದೆ, ಪುಟ್ಟಿಯಲ್ಲಿ (ಹರಿಗೋಲಿನಲ್ಲಿ) ಕೂತ ಮೀನುಗಾರನನ್ನೂ ಅಲ್ಲಾಡಿಸುತ್ತದೆ. ಹೆಣ್ಣುಮಕ್ಕಳು ಸ್ನಾನ ಮಾಡುವ ಕಡೆ ಮೊಬೈಲ್ ಜೇಬಿನಲ್ಲಿರಲಿ. ಸಾಲಾಗಿ ತೇಲುವ ಖಾಲಿ ಬಾಟಲಿಗಳು ಕಸವಲ್ಲ, ಬಲೆಯ ಗುರುತು, ಸುತ್ತಿ ಹೋಗಿ. ರೈತರ ಪಂಪ್‌ಸೆಟ್ಟಿನ ಪೈಪು, ಕೇಬಲ್ಲು ಹಿಡಿದು ದೋಣಿ ಎಳೆಯುವ ಅಡ್ಡದಾರಿ ಕೆಲವರಿಗೆ ರೂಢಿಯಾಗಿದೆ. ತೊಯ್ದ ಕೇಬಲ್ಲಿನಲ್ಲಿ ಕರೆಂಟ್ ಇದ್ದರೆ ಕೈ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ನೀರಿಗೆ ಕೈ ಇಳಿಬಿಟ್ಟು ಕೂರಬೇಡಿ.

ಆಲಮಟ್ಟಿ ಹಿನ್ನೀರಿನ ಕಡೆ ಹೊರಟವರಿಗೆ ಇನ್ನೆರಡು ಮಾತು. ಅಲ್ಲಿ ನೀರಿನಡಿ ಹಳೆಯ ಊರುಗಳ ಗೋಡೆ, ಜಾಲಿಮರದ ಬೊಡ್ಡೆಗಳಿವೆ. ನೀರು ಇಳಿದಾಗ ಅವು ದೋಣಿಯ ತಳಕ್ಕೆ ತಾಗುತ್ತವೆ, ಸ್ಥಳೀಯ ಅಂಬಿಗನಿಲ್ಲದೆ ಹೋಗಬೇಡಿ. ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹಾರಿಸಿ ವಿಡಿಯೊ ಮಾಡಬೇಡಿ. ಬೇಸಿಗೆಯಲ್ಲಿ ಮರಳುದಿಬ್ಬ ಕಂಡಿತೆಂದು ಊಟಕ್ಕೆ ಇಳಿಯಲೂಬೇಡಿ: ಅಲ್ಲೇ ಮೊಟ್ಟೆಯಿಡುವ ರೀವ ಹಕ್ಕಿಯ ಮೊಟ್ಟೆಗೆ ಮರಳಿನದೇ ಬಣ್ಣ, ತುಳಿದ ಮೇಲೆಯೇ ಗೊತ್ತಾಗುತ್ತದೆ. ರೊಟ್ಟಿಬುತ್ತಿಯನ್ನು ದಂಡೆಗೆ ಬಂದು ಬಿಚ್ಚಿ. ಅದೂ ಮೆಟ್ಟಿಲ ಮೇಲಲ್ಲ, ಮೇಲೆ ಬೇವಿನ ನೆರಳಲ್ಲಿ; ಮೆಟ್ಟಿಲಿಗೆ ಮುಂದಿನ ದೋಣಿ ಬರುತ್ತಿರುತ್ತದೆ.