ಮಳೆಗಾಲದ ತುರ್ತು ಚೀಲ: ಕಾರವಾರಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಕೈಗಾಕ್ಕೋ, ನೌಕಾನೆಲೆಗೋ, ಮೆಡಿಕಲ್ ಕಾಲೇಜಿಗೋ ವರ್ಗವಾಗಿ ಬರುವವರು ಮಕ್ಕಳ ಶಾಲೆ ನೋಡಿಕೊಂಡು ಮೇ, ಜೂನ್ ತಿಂಗಳಲ್ಲೇ ಬರುತ್ತಾರೆ. ಲಾರಿಯಿಂದ ಇಳಿಸಿದ ಗಂಟು ಬಿಚ್ಚುವುದರೊಳಗೆ ಮಳೆ ಹಿಡಿದಿರುತ್ತದೆ. ಮಿರಗದ ಮಳೆ ಎಂದರೆ ಬಿತ್ತನೆ ಎಂದು ತಿಳಿದ ಬಯಲುಸೀಮೆಯವರಿಗೆ, ಅದೇ ಮಿರಗಕ್ಕೆ ಇಲ್ಲಿಯ ಜನ ಸೌದೆ, ಅಕ್ಕಿ, ಒಣಮೀನು ಒಳಗೆ ತುಂಬಿ ಬಾಗಿಲು ಹಾಕಿಕೊಳ್ಳುವುದು ನೋಡಿ ನಗು ಬರಬಹುದು. ಜುಲೈ ಹೊತ್ತಿಗೆ ಆ ನಗು ಇರುವುದಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ‘ಸರ್ವೈವಲ್ ಕಿಟ್’ ತರಿಸಬೇಡಿ. ದಿಕ್ಸೂಚಿ, ಚಕಮಕಿ ಕಲ್ಲು, ತಂತಿ ಗರಗಸ, ಮೀನಿನ ಗಾಳ: ಇವೇ ಅದರ ಬಂಡವಾಳ. ಕಾರವಾರದಲ್ಲಿ ನಿಮ್ಮ ಗಾಳದಿಂದ ಮೀನು ಹಿಡಿಯುವ ಗತಿ ಯಾರಿಗೂ ಬಂದಿಲ್ಲ. ಅದರಲ್ಲಿ ಕೆಲಸಕ್ಕೆ ಬರುವುದು ಸೀಟಿಯೊಂದೇ. ಹತ್ತಿಪ್ಪತ್ತು ರೂಪಾಯಿಗೆ ಅದು ಪೇಟೆಯಲ್ಲೇ ಸಿಗುತ್ತದೆ. ಸಹಾಯ ಬೇಕಾದಾಗ ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ ಊದಬೇಕು. ಮಕ್ಕಳಿಗೆ ಇದನ್ನು ಕಲಿಸಿ.

ಮೊದಲು ಮನೆ ಎಲ್ಲಿದೆ ನೋಡಿ

ಕದ್ರಾ, ಮಲ್ಲಾಪುರದ ನದಿದಂಡೆಯವರು: ಕಾಳಿ ನದಿಗೆ ಕಟ್ಟಿದ ಅಣೆಕಟ್ಟುಗಳಲ್ಲಿ ಕೊನೆಯದು ಕದ್ರಾ. ಮೇಲೆ ಸೂಪಾದಲ್ಲಿ, ಕೊಡಸಳ್ಳಿಯಲ್ಲಿ ಏನೇ ಆದರೂ ನೀರು ಕೊನೆಗೆ ಇಲ್ಲಿಗೇ ಬರಬೇಕು. 2019ರ ಆಗಸ್ಟ್, 2021ರ ಜುಲೈ ಎರಡರಲ್ಲೂ ಕೆಳಗಿನ ಊರುಗಳಿಗೆ ನೀರು ನುಗ್ಗಿತ್ತು. ನಿಮಗೆ ಬೇಕಾದದ್ದು ಹೆಗಲಿಗೆ ಹಾಕಿಕೊಂಡು ಹೊರಡುವ ಚೀಲ.

ಗುಡ್ಡ ಕೊರೆದು ಕಟ್ಟಿದ ಮನೆಯವರು: ನಿಮಗೂ ಚೀಲವೇ. ಹಿತ್ತಿಲ ಧರೆಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ಚೀಲ ಎತ್ತಿ ಹೊರಡಿ. ಮಾಲೀಕರನ್ನು ಆಮೇಲೆ ಕೇಳಿದರಾಯಿತು.

ಪೇಟೆಯ ಫ್ಲ್ಯಾಟ್‌ನವರು: ನಿಮ್ಮ ಕಷ್ಟ ಕರೆಂಟು ಮತ್ತು ನೀರು. ಮನೆಯಲ್ಲೇ ಮೂರು ದಿನ ಕಳೆಯುವ ಪೆಟ್ಟಿಗೆ ಸಾಕು.

ಕಾರಿರುವ ಎಲ್ಲರೂ: ಕಾರಿಗೆ ಪ್ರತ್ಯೇಕ ಚೀಲ. ಕೆಳಗೆ ಬರೆದಿದೆ.

ಪಸೆ ಮತ್ತು ಉಪ್ಪುಗಾಳಿ

ಈ ಭಾಗ ಉದ್ದವಾಯಿತು ಎನ್ನಬೇಡಿ. ಹೊಸಬರ ಚೀಲಗಳು ಹಾಳಾಗುವುದು ನೆರೆಯಿಂದಲ್ಲ. ಕಪಾಟಿನಲ್ಲಿ ಇಟ್ಟಲ್ಲೇ ಎರಡು ತಿಂಗಳಲ್ಲಿ ಹಾಳಾಗಿರುತ್ತವೆ. ಯಾವ ವಸ್ತು ಕೊಳ್ಳುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಜೂನ್‌ನಲ್ಲಿ ಇಟ್ಟದ್ದು ಆಗಸ್ಟ್‌ನಲ್ಲಿ ತೆಗೆದರೆ ನಡೆಯುತ್ತದೆಯೇ?

ಟಾರ್ಚನ್ನೇ ತೆಗೆದುಕೊಳ್ಳಿ. ಸೆಲ್ ಹಾಕಿಯೇ ಇಟ್ಟ ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗಿಗೆ ಹಸಿರು ಕಿಲುಬು, ಸೆಲ್ಲಿನ ತುದಿಯಲ್ಲಿ ಬಿಳಿ ಹುಡಿ ಕಾಣುತ್ತದೆ. ಸೆಲ್ ಸೋರಿ ಒಳಗಿನ ತಗಡು ತಿಂದಿರುತ್ತದೆ. ಹಾಗಾಗಿ ಸೆಲ್ ತೆಗೆದು ಬೇರೆ ಜಿಪ್ ಕವರಿನಲ್ಲಿಟ್ಟು, ಆ ಕವರನ್ನು ರಬ್ಬರ್ ಬ್ಯಾಂಡಿನಿಂದ ಟಾರ್ಚಿಗೇ ಕಟ್ಟಿಡಿ. ಸ್ಪ್ರಿಂಗಿಗೆ ಬೆರಳ ತುದಿಯಿಂದ ತೆಳ್ಳಗೆ ವ್ಯಾಸಲೀನ್ ಸವರಿ. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ತಲೆಗೆ ಕಟ್ಟುವುದು ಮೇಲು: ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಇದ್ದಾಗ ಟಾರ್ಚ್ ಹಿಡಿಯುವವರು ಯಾರು? ಎಲ್ಲ ಟಾರ್ಚು, ರೇಡಿಯೋಗಳೂ ಒಂದೇ ಅಳತೆಯ ಸೆಲ್‌ನವು ಇರಲಿ. ಪೆನ್‌ಸೆಲ್ ಗೂಡಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವ ಟಾರ್ಚ್ ಮಾತ್ರ ನೆಚ್ಚಿಕೊಂಡರೆ, ಮೂರನೆಯ ದಿನ ಅದನ್ನು ಚಾರ್ಜ್ ಮಾಡಲು ಕರೆಂಟು ಎಲ್ಲಿದೆ?

ಚೀಲದ ಜಿಪ್ ಪ್ಲಾಸ್ಟಿಕ್‌ನದೇ ಇರಬೇಕು. ಲೋಹದ ಜಿಪ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಗಡಿಬಿಡಿಯಲ್ಲಿ ಎಳೆದರೆ ಹಿಡಿ ಕೈಗೆ ಬರುತ್ತದೆ. ‘ವಾಟರ್‌ಪ್ರೂಫ್’ ಎಂಬ ಚೀಟಿ ನಂಬಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆ ಮತ್ತು ಜಿಪ್ಪಿನಲ್ಲಿ ನೀರು ಇಳಿಯುತ್ತದೆ. ಮಕ್ಕಳ ಹಳೆಯ ಶಾಲಾ ಚೀಲವೇ ಸಾಕು, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ. ಸಾಮಾನು ತುಂಬಿದ ಮೇಲೆ ಗಾಳಿ ಒತ್ತಿ ತೆಗೆದು, ಬಾಯಿಯನ್ನು ಏಳೆಂಟು ಸುತ್ತು ತಿರುಚಿ, ತಿರುಚಿದ್ದನ್ನು ಮಡಚಿ, ಮಡಚಿದ ಕಡೆ ಬಿಗಿಯಾಗಿ ಕಟ್ಟಿ. ಬರೀ ಗಂಟು ಹಾಕಿದರೆ ಗಂಟಿನ ನಡುವೆ ನೀರು ಹೋಗುತ್ತದೆ. ಒಮ್ಮೆ ಒಳಗೆ ಹಳೆಯ ಪೇಪರ್ ತುಂಬಿ ಬಚ್ಚಲಲ್ಲಿಟ್ಟು ಹತ್ತು ನಿಮಿಷ ನೀರು ಬಿಟ್ಟು ನೋಡಿ. ಪೇಪರ್ ಒದ್ದೆಯಾದರೆ ಕಟ್ಟಿದ್ದು ಸರಿಯಾಗಿಲ್ಲ.

ಬೆಂಕಿಪೆಟ್ಟಿಗೆ ಇಲ್ಲಿ ನಡೆಯದು. ಕಡ್ಡಿಗಿಂತ ಮೊದಲು ಪೆಟ್ಟಿಗೆಯ ಗೀರುವ ಪಟ್ಟಿ ಮೆತ್ತಗಾಗುತ್ತದೆ. ಬೀಡಿ ಅಂಗಡಿಯ ಲೈಟರ್ ಎರಡು ಇಡಿ.

ಬಟ್ಟೆ: ಜೀನ್ಸ್, ಟರ್ಕಿ ಟವೆಲ್ ಬೇಡ, ಒದ್ದೆಯಾದರೆ ವಾರವಾದರೂ ಒಣಗುವುದಿಲ್ಲ. ತೆಳು ಪಂಚೆ ಅಥವಾ ಚೌಕ, ಪಾಲಿಯೆಸ್ಟರ್ ಪ್ಯಾಂಟು, ಒಳಉಡುಪು ಎರಡು ಜೊತೆ. ಕೊಡೆ ಸಮುದ್ರದ ಗಾಳಿಗೆ ಮಗುಚುತ್ತದೆ. ಪ್ಯಾಂಟು, ಅಂಗಿ ಬೇರೆ ಬೇರೆ ಇರುವ ರೇನ್‌ಕೋಟೇ ಬೇಕು. ಗಮ್‌ಬೂಟು ಅಂಗಳದ ಕೆಸರಿಗೆ ಚೆನ್ನ, ಮೊಣಕಾಲು ನೀರಿನಲ್ಲಿ ಅದರೊಳಗೇ ನೀರು ತುಂಬಿ ಕಾಲು ಎತ್ತಲು ಬಿಡುವುದಿಲ್ಲ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಿ. ಹವಾಯಿ ಚಪ್ಪಲಿ ಕೆಸರು ಕಚ್ಚಿ ಕಾಲಿಂದ ಕಳಚುತ್ತದೆ.

ನೀರು

ಸುತ್ತ ಇಷ್ಟು ನೀರು ಇರುವಾಗ ಕುಡಿಯುವ ನೀರು ಶೇಖರಿಸಿ ಎಂದರೆ ಹೊಸಬರು ನಂಬುವುದಿಲ್ಲ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಟ್ಯಾಂಕು ಬರಿದಾಗುತ್ತದೆ. ಬಾವಿ ಇದ್ದರೂ ಹಗ್ಗ, ಕೊಡಪಾನ ಯಾರ ಮನೆಯಲ್ಲೂ ಉಳಿದಿಲ್ಲ. ಬಾವಿಯಿರುವ ಮನೆ ಹಿಡಿದವರು ಮೊದಲು ರಾಟೆ ತಿರುಗುತ್ತದೆಯೇ ನೋಡಿ, ಹಗ್ಗ ತನ್ನಿ.

ಲೆಕ್ಕ: ತಲೆಗೆ ದಿನಕ್ಕೆ 4 ಲೀಟರ್. ನಾಲ್ಕು ಜನಕ್ಕೆ ಮೂರು ದಿನಕ್ಕೆ 48 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನು, ಮೇಲೆ ಒಂದು ಕೊಡ. ಬಳಸುವುದಕ್ಕೆ ಬೇರೆ. ಹೊರಡುವ ಚೀಲಕ್ಕೆ ಕ್ಯಾನು ಬೇಡ, ಅದೊಂದೇ 20 ಕಿಲೋ. ತಲೆಗೆ ಒಂದೊಂದು ಲೀಟರಿನ ಎರಡು ಬಾಟಲಿ ಸಾಕು.

ನೆರೆನೀರು ಇಳಿದ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿಯೇ ಕುಡಿಯಿರಿ. ಮಾಮೂಲಿ ದಿನಗಳಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ 1000 ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲ, ನಾಲ್ಕು ಮೀಟರ್ ನೀರಿನ ಬಾವಿಯಲ್ಲಿ ಸುಮಾರು 12,500 ಲೀಟರ್ ಇರುತ್ತದೆ, 30 ಗ್ರಾಂ ಚಿಲ್ಲರೆ ಸಾಕು. ಪುಡಿಯನ್ನು ಹಾಗೇ ಸುರಿಯಬೇಡಿ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಬಿಟ್ಟು ಕೊಡದಿಂದ ಚೆನ್ನಾಗಿ ಕಲಕಿ. ಒಂದು ಗಂಟೆ ಯಾರೂ ಸೇದಬಾರದು. ನೆರೆ ಹೊಕ್ಕ ಬಾವಿಗೆ ಈ ಅಳತೆ ಸಾಲದು, ಆರೋಗ್ಯ ಇಲಾಖೆಯವರನ್ನು ಕರೆಯಿರಿ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಈ ಹವೆಯಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಕಳೆದ ವರ್ಷದ್ದು ನೆಚ್ಚಬೇಡಿ.

ತಿನ್ನುವುದು

ಉತ್ತರ ಕರ್ನಾಟಕದ ಅಕ್ಕಂದಿರೇ, ಕಡಕ್ ರೊಟ್ಟಿಯ ಕಟ್ಟು ತಂದು ‘ತಿಂಗಳುಗಟ್ಟಲೆ ಇರುತ್ತದೆ’ ಎನ್ನುತ್ತೀರಿ. ವಿಜಯಪುರದಲ್ಲಿ ಇರುತ್ತದೆ. ಇಲ್ಲಿ ಜುಲೈಯಲ್ಲಿ ಎರಡು ದಿನಕ್ಕೆ ಮೆತ್ತಗಾಗಿ ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಶೇಂಗಾ ಚಟ್ನಿಪುಡಿಯೂ ಮುಗ್ಗಲು ವಾಸನೆ ಹೊಡೆಯುತ್ತದೆ. ಇಲ್ಲಿಯವರು ಇಡುವುದನ್ನು ಇಡಿ: ಪೇಪರ್ ಅವಲಕ್ಕಿ ಒಂದು ಕಿಲೋ (ದಪ್ಪದ್ದಕ್ಕೆ ನೆನೆಸಲು ಒಳ್ಳೆಯ ನೀರು ಬೇಕು), ಹುರಿಗಡಲೆ, ಖರ್ಜೂರ, ಬಿಸ್ಕೀಟು, ಹಾಲಿನ ಪುಡಿಯ ಸಣ್ಣ ಸ್ಯಾಶೆ. ಅಚ್ಚುಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ಜೋನಿಬೆಲ್ಲವನ್ನು (ಗಟ್ಟಿಯಾಗದ, ಪಾಕದಂಥ ಬೆಲ್ಲ) ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟರೆ ಕೆಡುವುದಿಲ್ಲ, ಅವಲಕ್ಕಿಗೆ ಕಲಸಿದರೆ ಊಟವೇ ಆಯಿತು. ಭಾನುವಾರದ ಸಂತೆಯಲ್ಲಿ ಕೇಳಿ. ಕೊಂಕಣಿ ಬಾರದೆಂದು ಹಿಂಜರಿಯಬೇಡಿ, ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಗಡಿಯ ಊರಿನಲ್ಲಿ ನಾವೇ ಹಿಂದಿಗೆ ಜಿಗಿದರೆ ಹೇಗೆ? ಅದರ ಜೊತೆಗೆ ಉದಾಕ ಎಂದರೆ ನೀರು, ಪಾವ್ಸ ಎಂದರೆ ಮಳೆ ಎಂದು ಕಲಿಯಿರಿ. ರಾತ್ರಿ ಪಕ್ಕದ ಮನೆಯವರು ಕೂಗಿದಾಗ ತಿಳಿಯಬೇಕಲ್ಲ.

ಔಷಧ

- ದಿನಾ ತೆಗೆದುಕೊಳ್ಳುವ ಬಿಪಿ, ಸಕ್ಕರೆ ಮಾತ್ರೆ 15 ದಿನಕ್ಕೆ. ವೈದ್ಯರ ಚೀಟಿಯ ನಕಲು
- ಪ್ಯಾರಾಸಿಟಮಾಲ್, ಬ್ಯಾಂಡೇಜು, ಅಯೋಡಿನ್ ಮುಲಾಮು, ಸೊಳ್ಳೆ ಕ್ರೀಮು
- ಸ್ಯಾನಿಟರಿ ಪ್ಯಾಡು, ಬಿಚ್ಚದ ಪ್ಯಾಕೆಟ್
- ಓಆರ್‌ಎಸ್ 6 ಪ್ಯಾಕೆಟ್

ಓಆರ್‌ಎಸ್‌ನಲ್ಲಿ ಎಲ್ಲರೂ ತಪ್ಪುತ್ತಾರೆ. ಸುಮಾರು 21 ಗ್ರಾಂನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ, ನಾಲ್ಕು ಗ್ರಾಂ ಚಿಲ್ಲರೆಯ ಸಣ್ಣದು 200 ಮಿಲಿಗೆ, ಅಂದರೆ ಒಂದು ಲೋಟಕ್ಕೆ. ದೊಡ್ಡದನ್ನು ಲೋಟಕ್ಕೆ ಹಾಕಿ ಮಗುವಿಗೆ ಕುಡಿಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಅಂಗಡಿಯಲ್ಲಿ ಡಬ್ಬಿಯಲ್ಲಿ ಕೊಡುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ.

ನೆರೆನೀರಿನಲ್ಲಿ ಗಾಯದ ಕಾಲಲ್ಲಿ ನಡೆದವರಿಗೆ ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. ನೀರಲ್ಲಿ ನಡೆದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಾಲು ಅಲುಗಾಡದಂತೆ ಇಟ್ಟು ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ಸುಲಿನ್ ತೆಗೆದುಕೊಳ್ಳುವವರು ಸಣ್ಣ ಮಣ್ಣಿನ ಮಡಕೆ ಇಟ್ಟುಕೊಳ್ಳಿ. ತಳದಲ್ಲಿ ಒದ್ದೆ ಮರಳು, ಅದರ ಮೇಲೆ ಜಿಪ್ ಕವರಿನಲ್ಲಿ ಬಾಟಲಿ. ಹೊರಮೈಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿ ಇಡಬೇಕು.

ಕಾಗದ, ದುಡ್ಡು

ಆಧಾರ್, ಪಡಿತರ ಚೀಟಿ, ವಿಮೆ, ಮಕ್ಕಳ ಟಿಸಿ, ಬಾಡಿಗೆ ಕರಾರು: ನಕಲು ಚೀಲಕ್ಕೆ, ಮೂಲಪ್ರತಿ ಒಂದರೊಳಗೊಂದು ಹಾಕಿದ ಎರಡು ಜಿಪ್ ಕವರಿನಲ್ಲಿ. ನೆಟ್‌ವರ್ಕ್ ಹೋದಾಗ ಯುಪಿಐ ಇಲ್ಲ. ನೂರು, ಐವತ್ತು, ಇಪ್ಪತ್ತರ ನೋಟುಗಳಲ್ಲಿ ಎರಡು ಮೂರು ಸಾವಿರ ಇಡಿ. ಐನೂರಕ್ಕೆ ಚಿಲ್ಲರೆ ಯಾರೂ ಕೊಡುವುದಿಲ್ಲ.

ಹಗ್ಗ, ತಾಡಪತ್ರಿ

ಮೀನುಗಾರರ ಅಂಗಡಿಯ 10 ಮಿಮೀ ಹಗ್ಗ, 15 ಮೀಟರ್. ನೀರಲ್ಲಿ ತೇಲುವುದನ್ನೇ ಕೇಳಿ. ತಾಡಪತ್ರಿ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವುದು), 12x15 ಅಡಿ, ಅಂಚಿನ ಬಳೆ ಅಲ್ಯೂಮಿನಿಯಂನದು. ಹಿಡಿ ಕತ್ತಿ ಒಂದು. ಬಿದ್ದ ಮರದ ಅಡಿ ತಂತಿ ಇದ್ದರೆ ಅದಕ್ಕೆ ಕತ್ತಿ ಮುಟ್ಟಿಸಬೇಡಿ.

ಕಾರಿನ ಚೀಲ

ಊರಿಗೆ ಹೋಗುವ ದಾರಿ ಯಾವುದಾದರೂ ಗುಡ್ಡ ದಾಟಲೇಬೇಕು. ಹುಬ್ಬಳ್ಳಿಗೆ ಅರಬೈಲು, ಶಿರಸಿಗೆ ದೇವಿಮನೆ, ಜೋಯಿಡಾಕ್ಕೆ ಅಣಶಿ. ಕರಾವಳಿಯ ಹೆದ್ದಾರಿ 66 ಆದರೂ ಗುಡ್ಡದ ಬುಡದಲ್ಲೇ ಸಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದದ್ದು ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತ ವಾಹನಗಳ ಮೇಲೆ. ಮಣ್ಣು ಗಂಗಾವಳಿ ನದಿಯ ತನಕ ಹೋಯಿತು. ಅದಾಗಿ ತಿಂಗಳಾಗುವ ಮೊದಲೇ, ಆಗಸ್ಟ್ 7ರ ನಸುಕಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದ್ದರಿಂದ ಎಷ್ಟೇ ಚಹಾದ ಹಂಬಲವಾದರೂ ಮಳೆಯಲ್ಲಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಬೇಡಿ. ಸಾಲು ನಿಂತಿದ್ದರೆ ಬಯಲಿಗೆ ಹಿಂದಿರುಗಿ ಕಾಯಿರಿ.

ಚೀಲದಲ್ಲಿ: 5 ಲೀಟರ್ ನೀರು, ಬಿಸ್ಕೀಟು, ಖರ್ಜೂರ, ತಲೆಟಾರ್ಚ್, ಕಂಬಳಿ, ಕಾರ್ ಚಾರ್ಜರ್, ಅಗಲ ಬಾಯಿಯ ಖಾಲಿ ಬಾಟಲಿ (ಮಕ್ಕಳಿದ್ದವರಿಗೆ ತಿಳಿಯುತ್ತದೆ). ಕಿಟಕಿ ಒಡೆಯುವ ಸುತ್ತಿಗೆ ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಸೀಟಿನ ಪಕ್ಕ ಇರಲಿ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ.

ಫೋನು, ಸುದ್ದಿ

20,000 ಎಂಎಎಚ್ ಪವರ್‌ಬ್ಯಾಂಕು 5,000ದ ಫೋನನ್ನು ನಾಲ್ಕು ಸಲ ತುಂಬುತ್ತದೆ ಎಂಬ ಲೆಕ್ಕ ತಪ್ಪು. ಮಧ್ಯೆ ಸೋರಿಕೆ ಇರುತ್ತದೆ, ಮೂರು ಸಲವಾದರೆ ಹೆಚ್ಚು. ಪ್ರತಿ ತಿಂಗಳ ಒಂದನೇ ತಾರೀಕು ತುಂಬಿಸಿ. ಟವರಿನ ಬ್ಯಾಟರಿ ಮುಗಿದ ಮೇಲೆ ತುಂಬಿದ ಫೋನೂ ಟಾರ್ಚ್ ಮಾತ್ರ, ಆಗ ಆಕಾಶವಾಣಿಯೇ ಗತಿ. ಸೆಲ್ ಹಾಕುವ ಸಣ್ಣ ಎಫ್‌ಎಂ ರೇಡಿಯೋ ತನ್ನಿ. ಫೋನಿನಲ್ಲಿ ಎಫ್‌ಎಂ ಇದ್ದರೂ ತಂತಿಯ ಇಯರ್‌ಫೋನ್ ಚುಚ್ಚದೆ ಬರುವುದಿಲ್ಲ, ತಂತಿಯೇ ಅದರ ಆಂಟೆನಾ.

ಹವಾಮಾನ ಇಲಾಖೆ ಮಳೆಯ ಎಚ್ಚರಿಕೆಯನ್ನು ಬಣ್ಣದಲ್ಲಿ ಕೊಡುತ್ತದೆ: ಹಳದಿ ಎಂದರೆ ದಿನಕ್ಕೆ 64.5 ಮಿಮೀ ಮೇಲೆ, ಕಿತ್ತಳೆ 115.6 ಮೇಲೆ, ಕೆಂಪು 204.5 ಮತ್ತು ಮೇಲೆ. ಹಳದಿಗೆ ಹೆದರಿದರೆ ಇಲ್ಲಿ ಸಂಸಾರ ನಡೆಯದು. ಕಿತ್ತಳೆಗೆ ಚೀಲ ಬಾಗಿಲ ಬಳಿ ಬರಬೇಕು.

ಕೈಯಲ್ಲಿ ಬರೆದು ಚೀಲದೊಳಗೆ ಇಡಿ:
- 112 ಎಲ್ಲ ತುರ್ತಿಗೆ
- 108 ಆಂಬುಲೆನ್ಸ್
- 1077 ಜಿಲ್ಲಾ ನಿಯಂತ್ರಣ ಕೊಠಡಿ
- 1912 ಹೆಸ್ಕಾಂ (ಕರೆಂಟು)
- 1906 ಅಡುಗೆ ಅನಿಲ ಸೋರಿಕೆ
- ಮಾಲೀಕರು, ಪಕ್ಕದ ಮನೆ, ಕನ್ನಡ ಸಂಘದ ಇಬ್ಬರು (ರಾಜ್ಯೋತ್ಸವದ ಊಟಕ್ಕೆ ಮಾತ್ರ ಬಂದರೆ ಈ ನಂಬರು ನಿಮ್ಮಲ್ಲಿ ಇರುವುದಿಲ್ಲ)

ಮೇ ಮೊದಲ ವಾರ ಚೀಲ ಕಟ್ಟಿ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ನಡುವಿನಲ್ಲೇ ಬಂದಿತ್ತು. ಗಣೇಶನನ್ನು ಕಳಿಸಿದೆವು, ಮಳೆಯೂ ಹೋಯಿತು ಎಂದು ಬಿಚ್ಚಬೇಡಿ: ಇಲ್ಲೇ ಹತ್ತಿರದ ಕಡವಾಡದಲ್ಲಿ ಗುಡ್ಡ ಜರಿದದ್ದು 2009ರ ಅಕ್ಟೋಬರಿನಲ್ಲಿ, ಕ್ಯಾರ್ ಚಂಡಮಾರುತ ಎದ್ದದ್ದು 2019ರ ಅಕ್ಟೋಬರ್ ಕೊನೆಗೆ. ದೀಪಾವಳಿ ಕಳೆದ ಮೇಲೆ ಬಿಚ್ಚಿ. ಅವಲಕ್ಕಿ ತಿಂದು ಮುಗಿಸಿ, ಸೆಲ್ ರೇಡಿಯೋಗೆ ಹಾಕಿ, ಚೀಲ ತೊಳೆದು ಬಿಸಿಲಿಗೆ ಹಾಕಿ. ಆಗ ಇಲ್ಲಿ ಬಿಸಿಲೂ ಬಂದಿರುತ್ತದೆ.