ಮಿಡಿಯ ತೊಟ್ಟು ಕೀಳಬೇಡಿ

ಈಗಿನ ಹುಡುಗಿಯರು ಮಾವಿನ ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದರೆ ಮೈ ಉರಿಯುತ್ತದೆ. ತೊಟ್ಟನ್ನು ಬುಡಸಮೇತ ಕಿತ್ತು ಬಿಸಾಡುತ್ತಾರೆ. ಪುಡಿ ಉಪ್ಪು ಸುರಿಯುತ್ತಾರೆ. ಮಿಡಿ ಚಿರುಟುವ ಮೊದಲೇ ಖಾರ ಬೆರೆಸಿ ಫ್ರಿಜ್ಜಿಗೆ ತಳ್ಳುತ್ತಾರೆ. ಮಳೆಗಾಲ ಬಂತೋ, ಮಿಡಿ ಮೆತ್ತಗಾಯ್ತು, ಬೂಸಲು ಬಂತು ಅಂತ ಫೋನು. ಬಾರದೆ ಇರುತ್ತದೆಯೇ?

ನಮ್ಮ ಅಜ್ಜಿಗೆ ಫ್ರಿಜ್ಜು ಅಂದರೇನೆಂದೇ ಗೊತ್ತಿರಲಿಲ್ಲ. ಶರಾವತಿ ದಂಡೆಯ ಊರು ಅವಳದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಮನೆ ಎಲ್ಲಾ ನೀರಿನಡಿಗೆ ಹೋಯಿತು. ಉಪ್ಪಿನಕಾಯಿಗೆಂದೇ ಹೆಸರಾದ ಹೊಳೆದಂಡೆಯ ಅಪ್ಪೆಮಾವಿನ ಮರಗಳೂ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಅಂದಮೇಲೆ ಉಳಿದದ್ದು ಯಾವ ಲೆಕ್ಕ! ದನ, ಮಕ್ಕಳು, ಪಾತ್ರೆಪಗಡೆ ಸಮೇತ ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿಹೋದರು. ಅಡಿಕೆ ದಬ್ಬೆಯ ಗೋಡೆ, ಸೋಗೆಯ ಮಾಡು. ಆ ನೀರಿನ ಕರೆಂಟು ಊರೂರಿಗೆ ಹೋಯಿತು, ಅಜ್ಜಿ ಮಾತ್ರ ಚಿಮಣಿ ಬುಡ್ಡಿಯ ಬೆಳಕಲ್ಲೇ ಅಡುಗೆ ಮಾಡಿದಳು. ಹಾಗೆ ಕಾಡು ಕಡಿದು ನೆಲೆನಿಂತ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ.

ಮೊದಲ ಮಳೆಗಾಲ ಗಂಜಿಯ ಜೊತೆ ನೆಂಚಿಕೊಳ್ಳಲು ಇದ್ದದ್ದು ಒಂದೇ, ಲಾರಿಯಲ್ಲಿ ಮಡಿಲಲ್ಲಿಟ್ಟು ತಂದ ಮಿಡಿ ಭರಣಿ. ಅದು ಕೆಡಲಿಲ್ಲ. ಯಾಕೆ ಕೆಡಲಿಲ್ಲ ಅಂತ ಹೇಳುತ್ತೇನೆ, ಸರಿಯಾಗಿ ಕೇಳಿ.

ಮರ ಹತ್ತಿ ಕೊಯ್ದ ಮಿಡಿಯೇ ಆಗಬೇಕು. ಉದುರಿದ್ದು, ಪೆಟ್ಟು ತಿಂದದ್ದು ಬೇಡ. ಅಜ್ಜಿ ತೊಟ್ಟು ಮುರಿದು ಸೊನೆ ಮೂಸಿಯೇ ಮರ ಒಪ್ಪುತ್ತಿದ್ದಳು. ಜೀರಿಗೆಯದೋ ಕರ್ಪೂರದ್ದೋ ಪರಿಮಳ ಬರಬೇಕು. ಆ ಸೊನೆಯೇ ಮಿಡಿಯ ಜೀವ. ಪರಿಮಳ ಕೊಡುವುದೂ ಅದೇ, ಕೆಡದಂತೆ ಕಾಯುವುದೂ ಅದೇ. ಅದಕ್ಕೇ ಹೇಳುವುದು, ತೊಟ್ಟು ಬುಡಕ್ಕೆ ಕೀಳಬೇಡಿ, ಕಿರುಬೆರಳಿನ ಅಗಲದಷ್ಟು ಬಿಟ್ಟು ಕತ್ತರಿಸಿ. ತೊಳೆದು ಹತ್ತಿಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ನೆರಳಲ್ಲಿ ಹರವಿ. ಭರಣಿಯನ್ನು ಮುಂಚೆಯೇ ತೊಳೆದು ಚೆನ್ನಾಗಿ ಬಿಸಿಲಿಗೆ ಇಟ್ಟಿರಬೇಕು.

ಒಂದು ಪದರ ಕಲ್ಲುಪ್ಪು, ಒಂದು ಪದರ ಮಿಡಿ. ಮೇಲೆ ಉಪ್ಪೇ ಬರಬೇಕು. ಉಪ್ಪಿಗೆ ಜಿಪುಣತನ ಬೇಡ. ದಿನಾ ಒಣಗಿದ ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ಮಗುಚಿ. ತಾನಾಗಿಯೇ ನೀರು ಬಿಡುತ್ತದೆ, ಹೊರಗಿನ ನೀರು ಒಂದು ಹನಿ ತಾಗಬಾರದು. ಮೈಯೆಲ್ಲಾ ಸುಕ್ಕುಗಟ್ಟಿ ಒತ್ತಿದರೆ ಗಟ್ಟಿಯೇ ಇರಬೇಕು. ಹತ್ತು ಹದಿನೈದು ದಿನವೋ, ಇನ್ನೂ ಜಾಸ್ತಿಯೋ, ಮಿಡಿ ನೋಡಿ ತಿಳಿದುಕೊಳ್ಳಿ. ಕ್ಯಾಲೆಂಡರ್ ನೋಡಬೇಡಿ.

ಆಮೇಲೆ ಮಿಡಿ ತೆಗೆದು ಆ ಉಪ್ಪುನೀರನ್ನು ಕುದಿಸಿ. ಮೇಲೆ ಬರುವ ನೊರೆ ತೆಗೆಯಿರಿ. ಒಲೆಯಿಂದ ಇಳಿಸಿ ರಾತ್ರಿಯೆಲ್ಲಾ ತಣಿಯಲು ಬಿಡಿ. ಎಲ್ಲರೂ ಅವಸರ ಮಾಡುವುದು ಇಲ್ಲೇ! ಉಗುರು ಬೆಚ್ಚಗಿದ್ದರೂ ಮಿಡಿ ಮೆತ್ತಗಾಗುತ್ತದೆ. ಪಾತ್ರೆಯ ತಳ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿಲಿಗಿಟ್ಟ ಸಾಸಿವೆ, ಒಣಮೆಣಸು, ಒಂದಿಷ್ಟು ಅರಿಸಿನ, ಇವನ್ನು ಅದೇ ನೀರು ಹಾಕಿ ನುಣ್ಣಗೆ ಅರೆಯಿರಿ. ಸಾಸಿವೆಯ ಘಾಟಿಗೆ ಕಣ್ಣಲ್ಲಿ ನೀರು ಬರಬೇಕು. ಮಿಡಿಯನ್ನು ಅದರಲ್ಲಿ ಬೆರೆಸಿ ಭರಣಿಗೆ ತುಂಬಿ, ಮಿಡಿ ಮುಳುಗುವಷ್ಟು ರಸ ಇರಲಿ. ತೇಲಿದ ಮಿಡಿಗೇ ಮೊದಲು ಬೂಸಲು ಬರುವುದು.

 

ಇನ್ನು ಭರಣಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಕತ್ತಲೆ ಮೂಲೆಯಲ್ಲಿಡಿ. ಬೆರೆಸಿದ ಮಾರನೇ ದಿನವೇ ರುಚಿ ನೋಡುವ ಆಸೆ ಬೇಡ, ಉಪ್ಪು ಖಾರ ಹಿಡಿಯಬೇಕು. ಊಟಕ್ಕೆ ಅಂತ ದಿನಾ ದೊಡ್ಡ ಭರಣಿ ಬಿಚ್ಚಬೇಡಿ. ವಾರಕ್ಕೆ ಆಗುವಷ್ಟನ್ನು ಸಣ್ಣ ಜಾಡಿಗೆ ತೆಗೆದಿಟ್ಟುಕೊಳ್ಳಿ. ತೆಗೆದ ತಕ್ಷಣ ಉಳಿದ ಮಿಡಿಯನ್ನು ರಸದೊಳಗೆ ಒತ್ತಿ, ಬಟ್ಟೆ ಮತ್ತೆ ಕಟ್ಟಿಬಿಡಿ.